ಮೇಡಂ ಹೇಳಿದ ಬಣ್ಣದ ಪಾತಿ

ಭಾನುವಾರ ಬೆಳಿಗ್ಗೆ ಗಿಡಗಳಿಗೆ ನೀರು ಬಿಡಲು ಬಂದ ಜಯರಾಮು ಪೈಪನ್ನು ಕೈಬಿಟ್ಟು ನಿಂತುಬಿಟ್ಟ. ಬಣ್ಣದ ಪಾತಿ ಬೋಳಾಗಿತ್ತು. ಹಿಂದಿನ ಸಾಲಿನ ಕ್ರೋಟನ್ ಗಿಡಗಳು ಪುಕ್ಕ ಕಿತ್ತ ಕೋಳಿಗಳ ಹಾಗೆ ಕಡ್ಡಿ ಚಾಚಿಕೊಂಡಿದ್ದವು.

ಕೊಡಿಗೇನಹಳ್ಳಿಯ ಶಾಲೆಗೆ ಅವನು ಮಾಲಿ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಶಾಲೆಯ ಕಾರ್ಯದರ್ಶಿ ರಾಧಾಮಣಿ ಮೇಡಂ ಮೊಬೈಲಿನಲ್ಲಿ ಯಾವುದೋ ಚಳಿದೇಶದ ಚಿತ್ರ ತೋರಿಸಿ, "ನೋಡು, ಎಲೆಗಳೆಲ್ಲ ಹೇಗೆ ಕೆಂಪು, ಹಳದಿ ಆಗಿವೆ! ನಮ್ಮಲ್ಲೂ ಇಂಥದೊಂದು ಪಾತಿ ಮಾಡು. ಹೂವು ಬೇಡ, ಬರೀ ಎಲೆ. ಒಂದು ನಯ, ಒಂದು ಒರಟು, ಒಂದು ದಪ್ಪ ಇರಲಿ. ಚೆನ್ನಾಗಿ ಬಂದರೆ ನಿನ್ನ ಕೆಲಸ ಕಾಯಂ" ಎಂದಿದ್ದರು. ಜಯರಾಮು ಶಿರಾದಿಂದ ಕ್ರೋಟನ್ ತಂದು ಹಿಂದೆ ನಿಲ್ಲಿಸಿದ್ದ. ಗಿಡ ಸಾಲದೆ ಮುಂದೆ ಕೆಂಪು ದಂಟು, ಕೆಂಪು ಬಸಳೆ, ಅಂಚಿಗೆ ದೊಡ್ಡಪತ್ರೆ ಹಾಕಿದ್ದ. ಮೇಡಂ ನೋಡಲು ಬರುವುದು ಇವತ್ತೇ.

ಶಾಲೆಯ ಹಿಂದಿನ ಬೀದಿಗೆ ಓಡಿದ. ಮೊದಲ ಮನೆಯ ಚಿಕ್ಕಹನುಮಕ್ಕ ಜಗಲಿಯ ಮೇಲೆ ಕೂತು ಮಡಕೆಯಲ್ಲಿ ಸೊಪ್ಪು ಮಸೆಯುತ್ತಿದ್ದಳು.

"ಅಕ್ಕ, ಪಾತೀಲಿ ಎಲೆ ಯಾರು ಕಿತ್ತಿದ್ದು?"

"ನಾವೇ ಕಣ್ಲಾ! ಬೀದಿ ಹೆಂಗಸ್ರೆಲ್ಲ ಬಂದು ಒಂದೊಂದು ಮಡ್ಲು ತುಂಬ್ಕೊಂಡ್ವಿ. ಜಯರಾಮು ಎಷ್ಟ್ ಚೆಂದಾಗಿ ಬೆರಕೆ ಸೊಪ್ಪು ಬೆಳ್ದವ್ನೆ ಅಂತ ನಿನ್ನೇ ಹೊಗಳ್ತಿದ್ವಿ."

"ಕೇಳ್ದೇನೇ?"

"ಸೊಪ್ಪು ಕೀಳಕ್ಕೆ ಯಾವೂರ್ನಾಗೆ ಕೇಳ್ತಾರಲಾ?"

"ಯಾ... ಯಾವ್ಯಾವ ಸೊಪ್ಪು?"

"ಬೆರಕೆ ಅಂದ್ಮೇಲೆ ಎಲ್ಲಾನೂ!"

ಜಯರಾಮು ಮಡಕೆಯೊಳಗೆ ಇಣುಕಿದ. ಎಲ್ಲ ಸೇರಿ ಸಗಣಿ ಕಲಸಿದ ಹಾಗಿತ್ತು. ಯಾವುದು ದಂಟು, ಯಾವುದು ಕ್ರೋಟನ್, ದೇವರೇ ಹೇಳಬೇಕು. ಮರೆಗೆ ಹೋಗಿ ಶಿರಾದ ನರ್ಸರಿಯವನಿಗೆ ಫೋನ್ ಮಾಡಿದ.

"ಕ್ರೋಟನ್ ತಿಂದ್ರೆ ಏನಾಯ್ತದಣ್ಣ?"

"ಹಾಲು ಬರೋ ಗಿಡ ಮಾರಾಯ, ವಿಷ ಅದು. ಯಾಕೆ, ಯಾರಾದ್ರೂ ತಿಂದ್ರಾ?"

"ಇಲ್ಲ ಇಲ್ಲ, ಸುಮ್ನೆ ಕೇಳ್ದೆ."

ಜಯರಾಮು ಫೋನನ್ನು ಜೇಬಿಗೆ ತುರುಕಿದ. ನಿಜ ಹೇಳಿದರೆ ಶಾಲೆಯಲ್ಲಿ ವಿಷ ಬೆಳೆದವನು ಎಂದು ಪೊಲೀಸರು ಬರುತ್ತಾರೆ. ಹೇಳದಿದ್ದರೆ ಬೀದಿಗೆ ಬೀದಿಯೇ ಮಲಗುತ್ತದೆ. ಜಗಲಿಗೆ ನುಗ್ಗಿ, "ಅಕ್ಕೋ, ಹಲ್ಲಿ ಬಿತ್ತು!" ಎಂದು ಕೂಗಿ ಮಡಕೆಯನ್ನು ಚರಂಡಿಗೆ ಉರುಳಿಸಿದ.

ಪಕ್ಕದ ಕರಿಯಕ್ಕನ ಮನೆಯಲ್ಲೂ ಹಲ್ಲಿ ಬಿತ್ತು. ಅದರಾಚೆ ರಾಜಲಕ್ಷ್ಮಮ್ಮನ ಮನೆಯಲ್ಲೂ ಬಿತ್ತು. ನಾಲ್ಕನೆಯ ಮನೆಗೆ ಅವನಿಗಿಂತ ಮೊದಲೇ ಸುದ್ದಿ ಹೋಗಿತ್ತು.

"ಬೀದೀಲೆಲ್ಲ ಹಲ್ಲಿ ಬೀಳ್ತಾ ಅವಂತೆ! ಏನು ಕೇಡುಗಾಲ ಬಂತವ್ವಾ!"

ಹುರುಳಿಕಾಳು ಬೇಯಿಸಿದವರೂ ಚೆಲ್ಲಿದರು. ಹಾಲು ಕಾಯಿಸಿದವರೂ ಚೆಲ್ಲಿದರು. ಅಷ್ಟರಲ್ಲಿ ಅದೇ ಬೀದಿಯ ನರಸಪ್ಪ ಹೊಟ್ಟೆ ಹಿಡಿದುಕೊಂಡು ಹೊರಗೆ ಬಂದ. ಅವನು ಆಗಲೇ ಎರಡು ಮುದ್ದೆ ಮುರಿದು ಬಿಸಿ ಮಸ್ಸೊಪ್ಪಿನಲ್ಲಿ ಅದ್ದಿ ನುಂಗಿದ್ದ.

"ನಂಗೆ ಒಳ್ಗೇ ಹರ್ದಾಡ್ತಾ ಐತೆ ಕಣ್ರಪ್ಪೋ!"

ನರಸಪ್ಪನನ್ನು ಆಟೋಗೆ ಹತ್ತಿಸಿ ಮಧುಗಿರಿ ಆಸ್ಪತ್ರೆಗೆ ಕಳಿಸಿದಾಗ, ಹೋಗುತ್ತಿರುವುದು ತನ್ನ ಕೆಲಸವಲ್ಲ, ತನ್ನ ಜೀವವೇ ಎಂದು ಜಯರಾಮುವಿಗೆ ಅನ್ನಿಸಿತು. ಹಿಂದೆಯೇ ಮೇಡಂ ಕಾರು ಶಾಲೆಯ ಗೇಟಿನೊಳಗೆ ತಿರುಗಿತು. ಕಾರು ಕಂಡ ಬೀದಿಯ ಜನ, ಹಲ್ಲಿ ವಿಚಾರ ದೊಡ್ಡವರಿಗೆ ಹೇಳೋಣವೆಂದು ಹಸಿದ ಹೊಟ್ಟೆಯಲ್ಲೇ ಹಿಂದೆ ನಡೆದರು.

ಹೆಡ್‌ಮಾಸ್ಟರ್ ಗಂಗಹನುಮಯ್ಯನವರು ಮೇಡಂ ಕೊರಳಿಗೆ ಹಾರ ಹಾಕಿದರು. ಹಾರದಲ್ಲಿ ನಡುನಡುವೆ ನಾಲ್ಕಾರು ಸುಗಂಧರಾಜ. ಉಳಿದದ್ದೆಲ್ಲ ಕೆಂಪು, ಹಳದಿ, ಕಂದು ಎಲೆಗಳು.

"ಅಬ್ಬಾ! ಎಷ್ಟು ಬಣ್ಣ! ಯಾರು ಕಟ್ಟಿದ್ದು?" ಮೇಡಂ ಮುಖ ಅರಳಿತು.

ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುವ ದಾಸಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ನಾನೇ ಕಣಮ್ಮ. ಹೂವು ಸಿಗ್ನಿಲ್ಲ, ಅದಕ್ಕೆ ಎಲೇನೇ ಸೇರ್ಸಿ ಕಟ್ಬುಟ್ಟೆ."

ಜಯರಾಮು ಕಣ್ಣು ಕಣ್ಣು ಬಿಟ್ಟ. ಪಕ್ಕದಲ್ಲಿದ್ದ ಚಿಕ್ಕಹನುಮಕ್ಕನ ಕಿವಿಯಲ್ಲಿ ಪಿಸುಗುಟ್ಟಿದ: "ಅಕ್ಕ, ಆ ಎಲೆ ನೀವ್ ಕೀಳ್ನಿಲ್ವಾ?"

"ಆ ಚರ್ಮದಂಗಿರೋದನ್ನಾ? ಮೇಕೇನೂ ಮೂಸಲ್ಲ. ನಾವು ಹೋಗೋ ಹೊತ್ಗೇ ಗಿಡ ಬೋಳಾಗಿದ್ವು."

"ಅಯ್ಯೋ, ಅಂಗಾದ್ರೆ ನಿಮ್ ಸಾರು ಚೆನ್ನಾಗೇ ಇತ್ತು!" ಅವನು ಖುಷಿ ತಡೆಯಲಾರದೆ ಜೋರಾಗಿ ಹೇಳಿಬಿಟ್ಟ. "ವಿಷ ಅಂದ್ಕೊಂಡು ನಾನೇ ಹಲ್ಲಿ ಕತೆ ಕಟ್ಟಿ..."

ಬಾಯಿ ಮುಚ್ಚಿಕೊಂಡ. ತಡವಾಗಿತ್ತು. ಇಡೀ ಬೀದಿ ಅವನ ಕಡೆ ತಿರುಗಿತು. ಕರಿಯಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

ಇದಾವುದೂ ತಿಳಿಯದ ಮೇಡಂ ಹಾರ ಸವರುತ್ತಾ, "ಹಾರವೇ ಇಷ್ಟು ಚೆನ್ನಾಗಿದ್ದರೆ ಪಾತಿ ಇನ್ನು ಹೇಗಿರಬೇಕು! ಎಲ್ಲಿ ಜಯರಾಮು, ನನ್ನ ಪಾತಿ ತೋರಿಸು" ಎಂದರು.

ದಾಸಮ್ಮ ಹೆಮ್ಮೆಯಿಂದ ನಕ್ಕಳು.

"ಅದೇ ಅಲ್ವೇನಮ್ಮ ನಿಮ್ ಕೊರಳ್ನಾಗಿರೋದು!"