ಸೆರಗಿನಲ್ಲಿ ಎಂಟು ಬಣ್ಣ

ಹೇಮಂತನಿಗೆ ಕಂಪ್ಯೂಟರಿನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ನೀಲಿ ತಂತಿಯ ಮೇಲೆ. ನೆಟ್‌ವರ್ಕ್ ಕೇಬಲ್ಲಿನೊಳಗೆ ಎಂಟು ಸಣ್ಣ ತಂತಿಗಳು. ಬಿಳಿ-ಕಿತ್ತಳೆ, ಕಿತ್ತಳೆ ಎಂದು ಸಭ್ಯವಾಗಿ ಜೋಡಿಯಲ್ಲಿ ಬರುವವು, ಹಸಿರಿಗೆ ಬಂದಾಗ ಕೆಡುತ್ತವೆ. ಬಿಳಿ-ಹಸಿರಿಗೂ ಅದರ ಜೋಡಿ ಹಸಿರಿಗೂ ನಡುವೆ ನೀಲಿ, ಬಿಳಿ-ನೀಲಿ ನುಗ್ಗಿ ಕೂರುತ್ತವೆ, ಬಸ್ಸಿನಲ್ಲಿ ಗಂಡಹೆಂಡಿರ ನಡುವೆ ಸೀಟು ಹಿಡಿದವರ ಹಾಗೆ. ಕಡೆಗೆ ಕಂದು ಜೋಡಿ. ಹೇಮಂತ ಪ್ರತಿ ಸಲವೂ ಹಸಿರಿನಲ್ಲೇ ಎಡವುತ್ತಿದ್ದ.

ಚಳ್ಳಕೆರೆಯ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಅವನು ಟೈಪಿಂಗ್ ಮೇಷ್ಟ್ರು. ನೆಟ್‌ವರ್ಕಿಂಗ್ ಪ್ರಾಯೋಗಿಕ ಪರೀಕ್ಷೆ ಪಾಸಾದರೆ ಲ್ಯಾಬ್ ಅವನ ಕೈಗೆ. ಇಲ್ಲದಿದ್ದರೆ ಹೊರಗಿನವರು ಬರುತ್ತಾರೆ. (ಲ್ಯಾಬ್ ತನ್ನದೇ ಎಂದು ಅತ್ತೆಮನೆಯಲ್ಲಿ ಆಗಲೇ ಡಂಗುರ ಸಾರಿಯಾಗಿತ್ತು. ಅಳಿಯಂದಿರಿಗೆ ತಾಳ್ಮೆ ಕಡಿಮೆ.)

ಮೊಳಕಾಲ್ಮುರಿನ ನೇಕಾರರ ಮನೆಯಲ್ಲಿ ಬಣ್ಣದ ಎಳೆಗೇನು ಕೊರತೆ? ತಾಯಿ ಗೋವಿಂದಮ್ಮನ ಬುಟ್ಟಿಯಿಂದ ರೇಷ್ಮೆ ಎಳೆಗಳನ್ನೆತ್ತಿ, ರಟ್ಟಿನ ಚೂರಿಗೆ ತಂತಿಗಳ ಕ್ರಮದಲ್ಲೇ ಸುತ್ತಿ, ಕಿಟಕಿಯಲ್ಲಿಟ್ಟುಕೊಂಡು ಹೇಮಂತ ಜಪಕ್ಕೆ ಕೂತ. ಒಂದು ದಿನ ರಟ್ಟು ಮಾಯವಾಯಿತು. ಹೇಗೂ ಬಾಯಿಪಾಠ ಆಗಿದೆಯಲ್ಲ ಎಂದು ಸುಮ್ಮನಾದ.

ಪರೀಕ್ಷೆಯ ಬೆಳಿಗ್ಗೆ ಹೆಂಡತಿ ಶ್ರೀವಾಣಿ ಹೊಸ ರೇಷ್ಮೆ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು. ಸೆರಗಿನ ತುಂಬ ಬಣ್ಣಬಣ್ಣದ ಪಟ್ಟಿಗಳು.

"ನೀನು ಬಾಯಿಬಿಟ್ಟು ಹೇಳ್ದಿದ್ರೆ ನಂಗೆ ತಿಳಿಯಲ್ವೇನು ನಾಯನಾ?" ಎಂದಳು ಗೋವಿಂದಮ್ಮ. "ಹೆಂಡ್ತಿಗೆ ಸೆರಗು ಹೆಂಗಿರಬೇಕು ಅಂತ ರಟ್ಟಿನ ಮೇಲೆ ಸುತ್ತಿಟ್ಟಿದ್ದೆ. ನಾನೇ ನೇಯ್ದು ಮುಗಿಸ್ದೆ."

"ಅವ್ವಾ, ಅದು..." ಎಂದು ಹೇಮಂತ ಬಾಯಿ ತೆರೆದ. ಶ್ರೀವಾಣಿಯ ಕಣ್ಣು ಒದ್ದೆಯಾಗಿತ್ತು.

"ಮದುವೆ ಆದಾಗಿಂದ ಒಂದು ಕರ್ಚೀಫೂ ತಂದುಕೊಟ್ಟೋರಲ್ಲ ನೀವು. ಮನಸ್ಸಲ್ಲಿ ಇಷ್ಟೆಲ್ಲ ಐತಾ?"

ಸತ್ಯ ಗಂಟಲಿನಿಂದ ಹಿಂದಕ್ಕಿಳಿಯಿತು. ಶ್ರೀವಾಣಿ ಆ ಸೀರೆಯಲ್ಲೇ ಅವನ ಜೊತೆ ಚಳ್ಳಕೆರೆಗೂ ಹೊರಟಳು.

ಪರೀಕ್ಷಕ ಶಿವಮೂರ್ತಪ್ಪನವರು ಇಕ್ಕಳ, ಪ್ಲಗ್ಗು, ಒಂದು ಮಾರು ಕೇಬಲ್ ಕೊಟ್ಟರು. ಕೇಬಲ್ ಕಟ್ಟಿ ಎರಡು ಕಂಪ್ಯೂಟರುಗಳು ಪರಸ್ಪರ ಮಾತಾಡುವಂತೆ ಮಾಡಬೇಕು. ಹೇಮಂತ ಸಿಪ್ಪೆ ಸುಲಿದ. ಎಂಟು ತಂತಿ ಕಂಡದ್ದೇ ತಡ, ತಲೆ ಖಾಲಿ. ದಿಕ್ಕೆಟ್ಟು ಕಿಟಕಿಯಾಚೆ ನೋಡಿದರೆ ಬೇವಿನ ಮರದಡಿ ಶ್ರೀವಾಣಿ, ಅವಳ ಹೆಗಲ ಮೇಲೆ ಇಡೀ ಪಾಠ!

ಒಂದು ತಂತಿ ಜೋಡಿಸುವುದು, ಕತ್ತು ಚಾಚಿ ಸೆರಗು ನೋಡುವುದು, ಮತ್ತೊಂದು ತಂತಿ. ಶ್ರೀವಾಣಿ ಇದನ್ನು ಗಮನಿಸಿ, ನಾಚಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಕಂದು ಪಟ್ಟಿ ಮರೆಯಾಯಿತು. ಹೇಮಂತ ಎದ್ದೇ ನಿಂತ.

"ಏನ್ರೀ!" ಶಿವಮೂರ್ತಪ್ಪ ಗುಡುಗಿದರು. "ಪರೀಕ್ಷೆ ಹೊತ್ತಲ್ಲಿ ಆಯಮ್ಮನ ಸೆರಗು ನೋಡ್ತೀರಲ್ಲ, ನಾಚಿಕೆ ಆಗಲ್ವಾ?"

"ನನ್ನ ಹೆಂಡ್ತಿ ಸಾರ್."

"ಸುಳ್ಳು ಬೇರೆ! ಹೆಂಡ್ತಿನ ಯಾರಾದ್ರೂ ಹಂಗೆ ನೋಡ್ತಾರೇನ್ರೀ?"

ಲ್ಯಾಬಿಗೆ ಲ್ಯಾಬೇ ನಕ್ಕಿತು. ಹೇಮಂತನ ಕಿವಿ ಸುಟ್ಟಂತಾಯಿತು. ಹಾಗೂ ಹೀಗೂ ಎರಡೂ ತುದಿ ಕಟ್ಟಿ ಸಿಕ್ಕಿಸಿದ. ದೀಪ ಹತ್ತಿತು, ಆಚೆ ಕಂಪ್ಯೂಟರಿನಿಂದ ಉತ್ತರವೂ ಬಂತು! ಶಿವಮೂರ್ತಪ್ಪ ಕನ್ನಡಕ ಏರಿಸಿ ಪ್ಲಗ್ಗನ್ನು ಬೆಳಕಿಗೆ ಹಿಡಿದರು.

"ಹಸಿರೆರಡೂ ಪಕ್ಕಪಕ್ಕ ಕೂತಾವಲ್ರೀ. ಇದು ಯಾವೂರ ಕ್ರಮ?"

ಹೇಮಂತ ಕಿಟಕಿಯಾಚೆ ನೋಡಿದ. ಸೆರಗಿನಲ್ಲೂ ಹಸಿರೆರಡೂ ಪಕ್ಕಪಕ್ಕವೇ.

"ಮೊಳಕಾಲ್ಮುರು ಸಾರ್," ಎಂದ, ನೆಲ ನೋಡುತ್ತ.

"ಎರಡೂ ತುದೀಲಿ ಒಂದೇ ತಪ್ಪು ಮಾಡಿದ್ದಕ್ಕೆ ನಡೀತೈತೆ. ಮಿಕ್ಕಿದ್ದು ಸರಿ ಐತೆ, ಪಾಸ್ ಮಾಡ್ತೀನಿ. ಈ ಕೇಬಲ್ ಮಾತ್ರ ಯಾರಿಗೂ ತೋರಿಸ್ಬ್ಯಾಡಿ."

ವಾಪಸ್ ಬಸ್ಸಿನಲ್ಲಿ ಶ್ರೀವಾಣಿ ಪಿಸುಗುಟ್ಟಿದಳು. "ಸಾಹೇಬರು ಬೈದದ್ದು ಕೇಳಿಸ್ತು. ಅಷ್ಟು ಚೆನ್ನಾಗಿ ಕಾಣ್ತಿದ್ನೇನ್ರೀ?"

"ಹೂಂ," ಎಂದ ಹೇಮಂತ. ಅಷ್ಟು ಸಣ್ಣ ಮಾತು ಅಷ್ಟು ಭಾರವಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಆಗ ಮೊದಲ ಬಾರಿಗೆ ಸೆರಗು ಬಿಟ್ಟು ಅವಳ ಮುಖ ನೋಡಿದ. ನಿಜಕ್ಕೂ ಚೆನ್ನಾಗಿ ಕಾಣುತ್ತಿದ್ದಳು. ಅವನಿಗೆ ನಾಚಿಕೆಯಾಯಿತು, ಲ್ಯಾಬಿನಲ್ಲಿ ಆದದ್ದಕ್ಕಿಂತ ಹೆಚ್ಚಾಗಿ.

ಮನೆಯ ಹೊಸಿಲಲ್ಲೇ ಗೋವಿಂದಮ್ಮ ಕೇಳಿದಳು. "ಪಾಸಾ? ಅದಿರಲಿ, ಹಸಿರು ಜೋಡಿ ನಡುವೆ ನೀಲಿ ತುರುಕಿದ್ಯಲ್ಲೋ, ನೇಕಾರರ ಮನೇಲಿ ಹುಟ್ಟಿ! ತಿದ್ದಿ ನೇಯ್ದೀನಿ, ನೋಡಿದ್ಯಾ?"

"ನೋಡಿ ನೋಡಿಯೇ ತಪ್ಪು ಕಟ್ಟಿದ್ದು ಅವ್ವಾ! ನೀನು ತಿದ್ದದೆ ಇದ್ದಿದ್ರೆ..."

ನಾಲಗೆ ಕಚ್ಚಿಕೊಂಡರೂ ತಡವಾಗಿತ್ತು. ಶ್ರೀವಾಣಿ ಅವನ ಚೀಲದಿಂದ ಇಣುಕುತ್ತಿದ್ದ ಕೇಬಲ್ ತುಂಡನ್ನು ನೋಡಿದಳು, ತನ್ನ ಸೆರಗನ್ನು ನೋಡಿಕೊಂಡಳು. ಒಳಗೆ ಹೋದಳು. ಹಳೆಯ ನೂಲಿನ ಸೀರೆಯಲ್ಲಿ ಹೊರಬಂದು, ಮಡಿಸಿದ ರೇಷ್ಮೆ ಸೀರೆಯನ್ನು ಜಗಲಿಯ ಮೇಲೆ ಕೂತಿದ್ದ ಅವನ ತೊಡೆಯ ಮೇಲಿಟ್ಟಳು.

"ತಗೊಳ್ರಿ, ಕಣ್ತುಂಬ ನೋಡ್ರಿ. ಹೊಟ್ಟೆ ಹಸಿದ್ರೆ ಊಟಕ್ಕಿಕ್ಕು ಅಂತ ಇದನ್ನೇ ಕೇಳ್ರಿ."