ಒಂದೇ ದಿನದಲ್ಲಿ ಚಂದ್ರನೂ ಮೊಸಳೆಯೂ

ಕೆಲವರಿಗೆ ಕೂತಲ್ಲಿ ಕೂರಲಾಗದ ಕಾಯಿಲೆ ಇರುತ್ತದೆ. ನನಗೆ ನಿಂತಲ್ಲಿ ನಿಲ್ಲಲಾಗದ್ದೂ ಸೇರಿಕೊಂಡಿದೆ. ಅಮೆರಿಕದ ಚಳಿನಾಡಾದ ಫಾರ್ಮಿಂಗ್ಟನ್ ಹಿಲ್ಸ್‌ನ ಮನೆಯಿಂದ ಡಿಯರ್‌ಬಾರ್ನ್‌ನ ಆಫೀಸಿಗೆ ಹೋಗುವಾಗ ಮುಂದಿನ ಕಾರು ಕೆಂಪು ದೀಪಕ್ಕೆ ನಿಂತರೆ, ಅದರ ಚಾಲಕನಿಗೆ ನನ್ನ ಮೇಲೇನೋ ಹಳೇ ಹಗೆಯಿದೆ ಅಂದುಕೊಳ್ಳುತ್ತೇನೆ. ಕಾರಿನ ಬಿಡಿಭಾಗಗಳು ಹೊತ್ತಿಗೆ ಸರಿಯಾಗಿ ಕಾರ್ಖಾನೆ ತಲುಪುವಂತೆ ನೋಡಿಕೊಳ್ಳುವುದು ನನ್ನ ಉದ್ಯೋಗ. ಮನೆಯವರನ್ನೂ ಬಿಡಿಭಾಗಗಳ ಹಾಗೆಯೇ ಸಾಗಿಸುತ್ತೇನೆ ಎನ್ನುವುದು ಹೆಂಡತಿ ವಸುಧಾಳ ದೂರು.

ಕಳೆದ ಫೆಬ್ರವರಿಯಲ್ಲಿ ಮೈಸೂರಿನಿಂದ ಅತ್ತೆ ಬಂದಿದ್ದರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಕಿಟಕಿಯಾಚೆಯ ಹಿಮ ನೋಡಿ ನೋಡಿ ಅವರಿಗೂ ಬೇಜಾರಾಗಿರಬಹುದೆಂದು, ಮಗಳು ತನ್ವಿಯ ಶಾಲೆಗೆ ರಜೆ ಸಿಕ್ಕಿದ್ದೇ ಎಲ್ಲರನ್ನೂ ಫ್ಲೋರಿಡಾಕ್ಕೆ ಹಾರಿಸಿಕೊಂಡು ಹೋದೆ. ಬೆಳಿಗ್ಗೆ ಬಾಹ್ಯಾಕಾಶ ಕೇಂದ್ರ, ಎರಡೂವರೆಗೆ ಜೌಗಿನಲ್ಲಿ ಏರ್‌ಬೋಟ್, ಅಂದರೆ ಬೆನ್ನಿಗೆ ದೈತ್ಯ ಫ್ಯಾನು ಕಟ್ಟಿಕೊಂಡ ಚಪ್ಪಟೆ ದೋಣಿ.

"ಎರಡೂ ಒಂದೇ ದಿನ ಬೇಡ ಕಣ್ರೀ, ಅಮ್ಮನಿಗೆ ಸುಸ್ತಾಗತ್ತೆ," ಎಂದಳು ವಸುಧಾ.

"ಮಧ್ಯ ಬರೀ ಮೂವತ್ತೈದು ಮೈಲಿ. ಎಲ್ಲಾ ಪ್ಲ್ಯಾನ್ ಮಾಡಿದೀನಿ," ಎಂದೆ.

ಬಾಹ್ಯಾಕಾಶ ಕೇಂದ್ರದಲ್ಲಿ ಅತ್ತೆ ಪ್ರತಿಯೊಂದು ಫಲಕವನ್ನೂ, ಪರೀಕ್ಷೆಯ ಉತ್ತರಪತ್ರಿಕೆಯೇನೋ ಎಂಬಂತೆ, ಮೊದಲಿನಿಂದ ಕೊನೆಯವರೆಗೆ ಓದತೊಡಗಿದರು. ನಾನು ಅವರ ಹಿಂದೆ ಕಾಲು ಬದಲಿಸುತ್ತ ನಿಂತೆ. ಒಂದೂವರೆಯಾಯಿತು. ವಸುಧಾ ಮತ್ತು ತನ್ವಿ ಆಗಲೇ ಬಾಗಿಲ ಬಳಿ ಕಾಯುತ್ತಿದ್ದರು. ಅತ್ತೆ ಮಾತ್ರ ಕಾಣಲಿಲ್ಲ. ಹುಡುಕಿದರೆ, ಒಂದು ಮೂಲೆಯ ಉದ್ದದ ಸಾಲಿನಲ್ಲಿ ನಿಂತಿದ್ದಾರೆ. ಅವರ ಮುಂದೆ ಇನ್ನು ಎಂಟೇ ಜನ. ಉದ್ದದ ಸಾಲು ಕಂಡರೆ ಅದು ಶೌಚಾಲಯದ್ದೇ ಎಂಬುದು ನನ್ನ ಪ್ರವಾಸಾನುಭವ.

"ಅತ್ತೆ, ಬನ್ನಿ ಬನ್ನಿ. ಇದು ಬೋಟ್ ಹತ್ರಾನೂ ಇರತ್ತೆ," ಎಂದೆ.

"ಅಲ್ಲೂ ಇರತ್ತಾ?" ಅವರ ಕಣ್ಣು ಅರಳಿತು.

"ಎಲ್ಲಾ ಕಡೆ ಇರತ್ತೆ!"

ಎರಡೂವರೆಗೆ ಐದು ನಿಮಿಷ ಇರುವಾಗಲೇ ದೋಣಿಕಟ್ಟೆ ತಲುಪಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. "ಎಲ್ಲಿದೆ?" ಎಂದರು ಅತ್ತೆ. ಮರದ ಗುಡಿಸಲೊಂದನ್ನು ತೋರಿಸಿದೆ. ಹೋದಷ್ಟೇ ಬೇಗ ಹಿಂದಿರುಗಿದ ಅವರು, "ಅಲ್ಲಿಲ್ಲ," ಎಂದು ಮೆಲ್ಲಗೆ ಹೇಳಿ ದೋಣಿ ಹತ್ತಿದರು. ಹೊತ್ತಾಗಿತ್ತು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ದೋಣಿ ಗುಡುಗುತ್ತ ಹುಲ್ಲಿನ ಮೇಲೆ ಹಾರಿದಾಗ ಬದುಕು ನನ್ನ ವೇಗಕ್ಕೆ ಬಂತೆನಿಸಿತು. ಆದರೆ ಜೊಂಡಿನ ನಡುವೆ ಚಾಲಕ ಇಂಜಿನ್ ಆರಿಸಿಬಿಟ್ಟ. ದಡದಲ್ಲಿ ತಾಯಿ ಮೊಸಳೆ, ಬೆನ್ನ ಮೇಲೆ ಗೇಣುದ್ದದ ಮರಿಗಳು. ಅದು ಕಣ್ಣೂ ಮಿಟುಕಿಸಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಇನ್ನೆಷ್ಟು ಹೊತ್ತೆಂದು ಕೇಳಿದೆ. "ಅವಳನ್ನೇ ಕೇಳಿ," ಎಂದು ಚಾಲಕ ಮೊಸಳೆಯ ಕಡೆ ಕೈ ತೋರಿಸಿದ. ನಾನು ಮೊಣಕಾಲು ಕುಣಿಸುವುದಕ್ಕೆ ದೋಣಿಯೇ ಅಲುಗುತ್ತಿತ್ತು.

ಆಗ ತನ್ವಿ, "ಅಪ್ಪಾ, ಸ್ಟಾಪ್! ಆ್ಯಂಡ್ ಅಜ್ಜಿ ನೆವರ್ ಗಾಟ್ ಟು ಟಚ್ ದ ಮೂನ್," ಎಂದಳು.

"ಯಾವ ಮೂನ್?"

"ಚಂದ್ರನ ಕಲ್ಲು," ಎಂದರು ಅತ್ತೆ. "ಅಲ್ಲಿ ಒಂದು ಚೂರು ಇಟ್ಟಿದಾರೆ, ಮುಟ್ಟೋಕೆ ಬಿಡ್ತಾರೆ. ನೀವು ಬೋಟ್ ಹತ್ರಾನೂ ಇರತ್ತೆ ಅಂದ್ರಲ್ಲ. ಅಮೆರಿಕ ಅಲ್ವಾ, ಇದ್ರೂ ಇರಬಹುದು ಅಂದ್ಕೊಂಡೆ. ಇರಲಿ ಬಿಡಿ. ಎಷ್ಟೋ ವರ್ಷ ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಬರೆದ ಚಂದ್ರ, ಒಂದ್ಸಲ ಮುಟ್ಟೋಣ ಅನ್ನಿಸ್ತು."

ಹಾಗಾದರೆ ಆ ಗುಡಿಸಲಿನೊಳಗೆ ಅವರು ಹುಡುಕಿದ್ದು ಚಂದ್ರನನ್ನು! ವಸುಧಾ ನನ್ನತ್ತ ತಿರುಗಿ ನೋಡಿದ ನೋಟಕ್ಕಿಂತ ದಡದ ಕಡೆಯಿಂದ ಬರುತ್ತಿದ್ದ ನೋಟವೇ ಹಿತವಾಗಿತ್ತು.

ದಡ ಸೇರಿದ್ದೇ ಕಾರು ತಿರುಗಿಸಿದೆ. ಬಾಹ್ಯಾಕಾಶ ಕೇಂದ್ರ ತಲುಪಿದಾಗ ಮುಚ್ಚಲು ಇಪ್ಪತ್ತು ನಿಮಿಷವಿತ್ತು. ಬಾಗಿಲಲ್ಲಿದ್ದ ಹೆಂಗಸು ನಮ್ಮ ಮುಖದ ಕೆಸರು ಹನಿಗಳನ್ನೂ, ಅತ್ತೆಯ ಸೀರೆಯಡಿಯ ಸ್ನೀಕರ್ಸನ್ನೂ ನೋಡಿ ನಕ್ಕು ಒಳಗೆ ಬಿಟ್ಟಳು. ಸಾಲು ಇರಲಿಲ್ಲ. ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಎರಡು ಬೆರಳನ್ನು ಆ ಕಪ್ಪು ಚೂರಿನ ಮೇಲಿಟ್ಟು ಕಣ್ಣು ಮುಚ್ಚಿದರು. ಬೆರಳನ್ನು ತುಂಬ ಹೊತ್ತು ತೆಗೆಯಲಿಲ್ಲ.

"ನುಣ್ಣಗಿದೆ," ಎಂದರು ಕೊನೆಗೆ. "ಮಕ್ಕಳಿಗೆ ಒರಟು ಅಂತ ಹೇಳ್ಕೊಟ್ಟಿದ್ದೆ."

ಎಷ್ಟೋ ಜನರ ಬೆರಳು ತಾಗಿ ಸವೆದಿರಬೇಕು ಎಂದು ವಸುಧಾ ಅವರ ಭುಜ ಹಿಡಿದುಕೊಂಡಳು. ಆ ಗಳಿಗೆಯ ಫೋಟೊ ತೆಗೆಯುವ ಹೊಣೆ ನನ್ನದಾಗಿತ್ತು.

ಫಾರ್ಮಿಂಗ್ಟನ್ ಹಿಲ್ಸ್‌ಗೆ ಮರಳಿ ಊಟದ ಮೇಜಿನ ಸುತ್ತ ಕೂತು ಫೋಟೊ ತೆರೆದೆವು. ಚಂದ್ರನಿರಲಿಲ್ಲ, ಬೆರಳಿರಲಿಲ್ಲ, ಅತ್ತೆಯೂ ಇರಲಿಲ್ಲ. ಹೊರಹೋಗುವ ದಾರಿಯ ಫಲಕವೊಂದು ಅಡ್ಡಡ್ಡಲಾಗಿ ಮೂಡಿತ್ತು. ಗುಂಡಿ ಒತ್ತುವಾಗಲೇ ನಾನು ಬಾಗಿಲ ಕಡೆ ತಿರುಗಿದ್ದೆ. ವಸುಧಾ ಹಣೆ ಚಚ್ಚಿಕೊಂಡಳು. ಅಳಿಸಿಹಾಕಲು ಹೋದ ನನ್ನ ಕೈಯನ್ನು ಅತ್ತೆ ತಡೆದರು.

"ಬೇಡ, ಚೆನ್ನಾಗಿ ಬಂದಿದೆ. ನನಗೆ ಕಳಿಸಿ," ಎಂದರು. "ಮೈಸೂರಲ್ಲಿ ಎಲ್ಲರೂ ಅಳಿಯಂದಿರ ಫೋಟೊ ತೋರ್ಸಿ ಅಂತಿರ್ತಾರೆ."