ನೂರೈವತ್ತು ಬಾಟಲಿ ರಂಜಕ

ಮಹಾದೇವಿಯ ಕೈಯಲ್ಲಿ ಹಣ್ಣು ಮೆಣಸಿನಕಾಯಿಯ ರಂಜಕ ಕೆಡದೆ ಉಳಿಯುವುದಿಲ್ಲ ಎಂದು ಮೊದಲು ಘೋಷಿಸಿದವರು ಆಕೆಯ ಅತ್ತೆ ರಾಚವ್ವ. ಸದರಿ ಘೋಷಣೆಯು ಇಂಡಿ ತಾಲೂಕಿನ ಅವರ ಮನೆಯ ಕಟ್ಟೆಯ ಮೇಲೆ, ಐದು ಮಂದಿ ಹೆಣ್ಣುಮಕ್ಕಳ ಸಮಕ್ಷಮದಲ್ಲಿ ನಡೆಯಿತು.

“ಈಕಿ ಕೈ ಬಿಸಿ ಐತಿ. ಈಕಿ ಹಣ್ಣ ಮೆಣಸಿನಕಾಯಿ ಮುಟ್ಟಿದ್ರ ಎಂಟ ದಿನಕ್ಕ ಬೂಷ್ಟು. ಇದು ನಾ ಹೇಳೂದಲ್ಲ, ಭರಣಿ ಹೇಳತೈತಿ.”

ಹೊಸ ಸೊಸೆ ಕುಟ್ಟಿ ತುಂಬಿಟ್ಟಿದ್ದ ಭರಣಿಯ ಬಟ್ಟೆ ಬಿಚ್ಚಲಾಯಿತು. ಕೆಂಪು ರಂಜಕದ ಮೇಲೆ ಬಿಳಿ ಬೂಷ್ಟು ಹತ್ತಿಯಂತೆ ಎದ್ದಿತ್ತು. ಭರಣಿ ಅತ್ತೆಯ ಪರವಾಗಿ ಸಾಕ್ಷಿ ನುಡಿದಂತಾಯಿತು.

ಇದೇ ಮಾತನ್ನು ಎರಡನೆಯ ಬಾರಿ ಹೇಳಿದವನು ಗಂಡ ಚಂದ್ರಾಮ. ಅಷ್ಟರಲ್ಲಿ ಅವರು ಮುಂಬೈಗೆ ಬಂದು ಆಂಟಾಪ್ ಹಿಲ್‌ನ ಕಾಲೊನಿಯೊಂದರಲ್ಲಿ ಒಂದು ಖೋಲಿ ಹಿಡಿದಿದ್ದರು. ಚಂದ್ರಾಮ ಕಟ್ಟಡದ ಕೆಲಸದಲ್ಲಿ ಕೂಲಿಗಳನ್ನು ನೋಡಿಕೊಳ್ಳುವ ಮುಕದ್ದಮನಾಗಿದ್ದ. ಮಹಾದೇವಿ ಹಳೆಯ ಜಾಮಿನ ಬಾಟಲಿಯಲ್ಲಿ ರಂಜಕ ತುಂಬಿ, ಮುಚ್ಚಳವನ್ನು ಮೈಯ ಬಲವೆಲ್ಲ ಹಾಕಿ ತಿರುಗಿಸಿಟ್ಟಿದ್ದಳು. ಬಲ ಹಾಕಿದರೆ ಭದ್ರ ಎಂಬುದು ಆಕೆಯ ಜೀವನದ ಒಟ್ಟು ತತ್ವ. ಒಂದು ಭಾನುವಾರ ಚಂದ್ರಾಮ ದಾಡಿ ಮಾಡಿಕೊಳ್ಳುತ್ತಿದ್ದಾಗ ಆ ಮುಚ್ಚಳ ಢಬ್ ಎಂದು ಹಾರಿತು. ಆತನ ಗಲ್ಲದ ಮೇಲಿನ ಸಾಬೂನು ನೊರೆ ಕೆಂಪಾಯಿತು.

“ನಮ್ಮವ್ವ ಅಂದದ್ದು ಖರೇ ಆತು,” ಎಂದ ಆತ ಕಣ್ಣು ಮುಚ್ಚಿಕೊಂಡೇ, ಟವೆಲ್ಲಿಗಾಗಿ ಕೈ ಚಾಚುತ್ತ.

ಇಂಥ ಮಾತು ಕೇಳಿ ಸುಮ್ಮನಿರುವ ಜಾತಿ ಮಹಾದೇವಿಯದಲ್ಲ. ಶಾಲೆಯ ಮೆಟ್ಟಿಲು ಹತ್ತದ ಆಕೆ, ಮಗಳು ನಿಶಾ ಕನ್ನಡ ಶಾಲೆಗೆ ಹೋಗುವಾಗ ಅವಳ ಒಂದನೇ ಇಯತ್ತೆಯ ಪುಸ್ತಕದಿಂದ ಕನ್ನಡ ಅಕ್ಷರ ಕಲಿತಿದ್ದಳು. ಮರಾಠಿ ಅಕ್ಷರವನ್ನು ಲೋಕಲ್ ಸ್ಟೇಷನ್ನುಗಳ ಬೋರ್ಡುಗಳಿಂದ ಕಲಿತಳು. ಆದಕಾರಣ ಹಾರ್ಬರ್ ಲೈನಿನ ಸ್ಟೇಷನ್ ಹೆಸರುಗಳಲ್ಲಿ ಬಾರದ ಅಕ್ಷರಗಳು ಆಕೆಗೆ ತಡವಾಗಿ ಬಂದವು. ಅಂತೂ ಓದು ಬಂತು, ಓದಿನ ಜೊತೆಗೆ ಸೊಕ್ಕೂ ಬಂತು. ಕಡಲೆ ಕಟ್ಟಿದ ಕಾಗದವನ್ನೂ ಆಕೆ ಎರಡೂ ಬದಿ ಓದದೆ ಎಸೆಯುತ್ತಿರಲಿಲ್ಲ.

ಹೀಗೆ ಓದಿಯೇ ಆಕೆ ತಪ್ಪು ಕೈಯದಲ್ಲ, ಬಾಟಲಿಯದು ಎಂದು ಕಂಡುಹಿಡಿದಳು. ಬಾಟಲಿಯನ್ನು ತೊಳೆದರೆ ಸಾಲದು, ಕುದಿಯುವ ನೀರಲ್ಲಿ ಮುಳುಗಿಸಬೇಕು. ಉಪ್ಪು, ನಿಂಬೆರಸದಲ್ಲಿ ಜಿಪುಣತನ ಮಾಡಬಾರದು. ಕಂಠದವರೆಗೆ ತುಂಬದೆ ಬೆರಳಿನಷ್ಟು ಜಾಗ ಬಿಡಬೇಕು, ಅಂಚು ಒರೆಸಬೇಕು, ಪ್ರತಿ ಸಲ ಹೊಸ ಮುಚ್ಚಳ ಹಾಕಬೇಕು. ತುಂಬಿದ ಮೇಲೆ ಮತ್ತೆ ಪಾತ್ರೆಯಲ್ಲಿಟ್ಟು ಕುದಿಸಬೇಕು. ಆರಿದ ಮೇಲೆ ಮುಚ್ಚಳದ ನಡುವೆ ಬೆರಳಿಂದ ಒತ್ತಿದಾಗ ಟಕ್ ಎಂದರೆ ಗಾಳಿ ಹೊಕ್ಕಿದೆ, ಅದನ್ನು ನಂಬಬಾರದು. ಮಹಾದೇವಿಯ ಹೊಸ ಬಾಟಲಿಗಳು ಟಕ್ ಎನ್ನಲಿಲ್ಲ. ಮೂರು ತಿಂಗಳಾದರೂ ಬೂಷ್ಟು ಬರಲಿಲ್ಲ.

ಇದನ್ನು ಅತ್ತೆಗೆ ಫೋನಿನಲ್ಲಿ ಹೇಳಿದರೆ ಸಾಕಿತ್ತು. ಆದರೆ ಬಾಯಿಮಾತಿಗೆ ಬೆಲೆಯಿಲ್ಲ ಎಂದು ಆಕೆ ಭಾವಿಸಿದಳು. ರಾಚವ್ವನಿಗೆ ಓದಲು ಬಾರದು ನಿಜ. ಆದರೆ ಗುಂಡು ಮೊಹರು ಬಿದ್ದ ಕಾಗದ ಕಂಡರೆ ಅವರೂ ಸೆರಗು ಸರಿಮಾಡಿಕೊಳ್ಳುತ್ತಾರೆ. ಅಂಥದೊಂದು ಕಾಗದ ಬೇಕಿತ್ತು. ಕಾಗದ ಬಂದರೆ ಕಾಲೊನಿಯ ಜನರಿಗೆ ರಂಜಕ ಮಾರಬಹುದೆಂಬ ಆಲೋಚನೆಯೂ ಇತ್ತು, ಅದು ಎರಡನೆಯದು.

ಕಾಗದ ಕೊಡುವ ಅಧಿಕಾರವುಳ್ಳ ಗೃಹ ಸಂರಕ್ಷಿತ ಆಹಾರ ಖಾತರಿ ಮಂಡಳಿಯು ಬೈಕುಲ್ಲಾದಲ್ಲಿ ಒಂದು ವೆಲ್ಡಿಂಗ್ ಅಂಗಡಿಯ ಮೇಲೆ ಎರಡನೇ ಮಾಳಿಗೆಯಲ್ಲಿತ್ತು. ಪಕ್ಕದ ಖೋಲಿಯ ಉಡುಪಿ ಕಡೆಯ ವಾರಿಜಾ ತನ್ನ ಮಿಡಿ ಉಪ್ಪಿನಕಾಯಿಗೆ ಅಲ್ಲಿಂದಲೇ ಹದಿನೈದು ನಿಮಿಷದಲ್ಲಿ ಸರ್ಟಿಫಿಕೇಟ್ ತಂದಿದ್ದಳು. “ಎರಡು ಬಾಟ್ಲಿ ಇಟ್ಟು ಬನ್ನಿ ಮಾರಾಯ್ರೆ, ಮತ್ತೆ ಎಂತದೂ ಕೇಳ್ಬೇಡಿ,” ಎಂದು ಆಕೆ ಸ್ಪಷ್ಟವಾಗಿ ತಿಳಿಸಿದ್ದಳು.

ಮಹಾದೇವಿ ಹೋದಾಗ ಕಚೇರಿಯಲ್ಲಿ ಊಟದ ಹೊತ್ತು. ಮೂವರು ನೌಕರರು ವಾರಿಜಾಳ ಮಿಡಿ ಉಪ್ಪಿನಕಾಯಿಯ ಫೈಲನ್ನು ಚಪಾತಿಗೆ ಹಚ್ಚಿಕೊಂಡು ತಿನ್ನುತ್ತಿದ್ದರು. ಇನ್‌ಸ್ಪೆಕ್ಟರ್ ನೀಲಕಂಠಪ್ಪ ಅಕ್ಕಲಕೋಟೆ ಕಡೆಯವರು, ಕನ್ನಡ ಬಲ್ಲವರು.

“ಬರ್ರಿ ಬಾಯಿ. ಎರಡ ಬಾಟ್ಲಿ ಇಡ್ರಿ. ನಾಳಿ ಕಾಗದ ಒಯ್ರಿ.”

“ಎರಡ ಯಾಕ್ರಿ ಸಾಹೇಬರ?”

“ಒಂದು ತಪಾಸಣಿಗೆ. ಒಂದು ಫೈಲಿಗೆ.”

“ಹಂಗಾರ ರಸೀದಿ ಕೊಡ್ರಿ.”

ಅಗಿಯುತ್ತಿದ್ದ ಬಾಯಿಗಳು ನಿಂತವು. ಮಂಡಳಿಯ ಹನ್ನೊಂದು ವರ್ಷಗಳ ಇತಿಹಾಸದಲ್ಲಿ ರಸೀದಿ ಕೇಳಿದ ಮೊದಲ ನಾಗರಿಕಳು ಈಕೆ. ರಸೀದಿ ಹೇಗಿರತಕ್ಕದ್ದು ಎಂದು ತಿಳಿಯಲು ನಿಯಮ ಪುಸ್ತಕ ಬೇಕಾಯಿತು. ಅದು ಕಪಾಟಿನ ಗಿಡ್ಡ ಕಾಲಿನ ಕೆಳಗೆ ಸಿಕ್ಕಿತು. ಪುಸ್ತಕ ಎಳೆದೊಡನೆ ಕಪಾಟು ವಾಲಿತು. ಒಬ್ಬ ನೌಕರನನ್ನು ಅದಕ್ಕೆ ಆನಿಕೊಂಡು ನಿಲ್ಲಲು ನಿಯೋಜಿಸಲಾಯಿತು.

“ಇದನ್ನ ಯಾರು ಓದ್ಯಾರ್ರಿ?” ಎಂದು ಮಹಾದೇವಿ ಕೇಳಿದಳು.

“ಇಲ್ಲೀತನಕಾ ಪ್ರಸಂಗ ಬಂದಿಲ್ಲ,” ಎಂದರು ನೀಲಕಂಠಪ್ಪ.

“ನಾ ಓದತೇನ್ರಿ, ಕೊಡ್ರಿ.”

ಆಕೆ ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು. ನಿಯಮ ಒಂಬತ್ತರ ಪ್ರಕಾರ ಪ್ರತಿ ಪಾಳಿಯಿಂದ ಆರು ಬಾಟಲಿ ತಪಾಸಣೆಯ ನಮೂನೆಯಾಗಿ ತೆಗೆಯತಕ್ಕದ್ದು. ಎರಡಲ್ಲ, ಆರು. ನೌಕರರ ಮುಖ ಅರಳಿತು. ಹನ್ನೊಂದು ವರ್ಷ ತಮಗೆ ಎಂಥ ಅನ್ಯಾಯವಾಗಿದೆ ಎಂದು ಅವರಿಗೆ ಆಗಲೇ ತಿಳಿದದ್ದು.

“ನೀವು ಭಾಳ ಶಾಣ್ಯಾ ಇದ್ದೀರಿ ಬಾಯಿ,” ಎಂದರು ನೀಲಕಂಠಪ್ಪ. “ಸಾಕು, ಮುಚ್ಚರಿ ಪುಸ್ತಕ.”

ಅಲ್ಲಿಗೆ ಮುಚ್ಚಿದ್ದರೆ ಈ ಕತೆ ಇರುತ್ತಿರಲಿಲ್ಲ. ಆದರೆ ಶಾಣ್ಯಾ, ಜಾಣೆ ಎಂದು ಯಾರಾದರೂ ಅಂದರೆ ಮಹಾದೇವಿ ಇನ್ನೊಂದು ಪುಟ ತಿರುವದೆ ಬಿಡುವವಳಲ್ಲ. ನಿಯಮ ಹತ್ತು: ನಮೂನೆಗಳಿಗೆ ಅರಗಿನ ಮೊಹರು ಹಾಕಿ, ಪರೀಕ್ಷಕರು ಖುದ್ದಾಗಿ ತೆರೆಯುವವರೆಗೆ ಯಾರೂ ತೆರೆಯತಕ್ಕದ್ದಲ್ಲ. ನೌಕರರ ಮುಖ ಬಾಡಿತು. ನಿಯಮ ಹನ್ನೊಂದು: ತಂಪಾದ, ಒಣಗಿದ ಜಾಗದಲ್ಲಿಡತಕ್ಕದ್ದು. ಎಲ್ಲರೂ ಕಚೇರಿಯ ಸೂರಿನ ಕಡೆ ನೋಡಿದರು. ಜುಲೈ ತಿಂಗಳು, ಸೂರು ಮೂರು ಕಡೆ ಸೋರುತ್ತಿತ್ತು.

“ಹಂಗಾರ ನಿಮ್ಮ ಮನ್ಯಾಗ ಇಟ್ಕೋರಿ,” ಎಂದರು ನೀಲಕಂಠಪ್ಪ, ಊಟದ ಡಬ್ಬಿ ಮುಚ್ಚುತ್ತ. “ಆದರ ಮಾಲು ಮಂಡಳಿದು. ಅರಗ ಒಡದ್ರ ಗುನ್ಹೆ.”

ತಾನು ಕಲಿತ ಅಕ್ಷರದಿಂದ ಒಂದು ಕಚೇರಿಯ ಬಾಯಿಚಪಲ ನಿಂತಿತೆಂದು ಮಹಾದೇವಿ ಬೀಗಿದಳು. ಬೀಗುತ್ತಲೇ ಉಳಿದದ್ದನ್ನೂ ಓದಿದಳು. ಒಂದು ಪಾಳಿ ಎಂದರೆ ಒಂದು ಪಾತ್ರೆಯಲ್ಲಿ ಒಮ್ಮೆಗೆ ಕುದಿಸಿದಷ್ಟು ಬಾಟಲಿ. ಸತತ ಇಪ್ಪತ್ತೈದು ಪಾಳಿ ನಿರ್ದೋಷವಾದರೆ ಕಾಯಂ ಖಾತರಿ ಪತ್ರ. ನಡುವೆ ಯಾವುದೇ ಕಾರಣಕ್ಕೆ ಒಂದು ಮೊಹರು ಒಡೆದರೂ ಎಣಿಕೆ ಮೊದಲಿನಿಂದ. ಅಲ್ಲಿಯವರೆಗೆ ಮಾರಾಟವಿಲ್ಲ. ನೋಂದಾಯಿತ ಅಡುಗೆಮನೆಯಲ್ಲಿ ನೋಂದಣಿಯಿಲ್ಲದ ಉಪ್ಪಿನಕಾಯಿ ಹಾಕತಕ್ಕದ್ದೂ ಅಲ್ಲ.

“ನಿಮ್ಮ ಪಾತ್ರ್ಯಾಗ ಎಷ್ಟ ಬಾಟ್ಲಿ ಹಿಡಿತಾವ?”

“ಆರು.”

ಕಪಾಟಿಗೆ ಆನಿಕೊಂಡಿದ್ದ ನೌಕರ ಬೆರಳು ಮಡಚಿ ಲೆಕ್ಕ ಹಾಕಿ, “ಆರರಾಗ ಆರು ಹೋದ್ರ...” ಎಂದು ಖಾಲಿ ಮುಷ್ಟಿ ತೋರಿಸಿದ.

“ಬಾಯಿ, ಎರಡ ಬಾಟ್ಲಿ ಇಟ್ಟ ಹೋಗ್ರಿ. ಕೈ ಮುಗಿತೇನಿ,” ಎಂದರು ನೀಲಕಂಠಪ್ಪ.

“ಬರದದ್ದ ಬರದಂಗ ಆಗ್ಲಿ,” ಎಂದಳು ಮಹಾದೇವಿ. ದೊಡ್ಡ ಪಾತ್ರೆ ಆಕೆಯ ಒಲೆಯ ಮೇಲೆ ಕೂರುತ್ತಿರಲಿಲ್ಲ, ಮತ್ತು ಹೆಜ್ಜೆ ಹಿಂದಿಡುವುದು ಆಕೆಯ ಸ್ವಭಾವಕ್ಕೆ ಕೂರುತ್ತಿರಲಿಲ್ಲ.

ಕೆಲಸ ನಿಯಮಾನುಸಾರ ಆರಂಭವಾಯಿತು. ಎರಡು ಚಳಿಗಾಲ ಆಕೆ ಬೈಕುಲ್ಲಾ ಮಾರ್ಕೆಟ್ಟಿನಿಂದ ಹಣ್ಣು ಮೆಣಸಿನಕಾಯಿಯನ್ನು ಹೊತ್ತು ತಂದಳು. ಕುಟ್ಟಿದಳು, ಕುದಿಸಿದಳು, ತುಂಬಿದಳು. ಪ್ರತಿ ಪಾಳಿಗೂ ನೀಲಕಂಠಪ್ಪ ಬಂದು ಮುಚ್ಚಳ ಒತ್ತಿ, ಅರಗು ಕರಗಿಸಿ, ಮೊಹರು ಹಾಕಿ, ಬಾಯಲ್ಲಿ ಬಂದ ನೀರು ನುಂಗಿ ಹೋಗುತ್ತಿದ್ದರು. ಪರೀಕ್ಷಕರ ಹುದ್ದೆ ಖಾಲಿಯಿತ್ತು. ಅದು ಭರ್ತಿಯಾಗುವ ತನಕ ನಮೂನೆಗಳು ತಾಜಾ ಹಾಗೂ ನಿರ್ದೋಷವಾಗಿ ಇವೆ ಎಂದು ಭಾವಿಸತಕ್ಕದ್ದೆಂದು ಮಂಡಳಿ ಸುತ್ತೋಲೆ ಹೊರಡಿಸಿತು. ನಮೂನೆಗಳು ಅದನ್ನು ವಿರೋಧಿಸಲಿಲ್ಲ.

ಬಾಟಲಿಗಳು ಮೊದಲು ಮಂಚದ ಕೆಳಗೆ ಹೋದವು. ಆಮೇಲೆ ಮಂಚ ಹೊರಗೆ ಹೋಯಿತು. ಟೀವಿಯನ್ನು ವಾರಿಜಾಳಿಗೆ ಕೊಟ್ಟು ಆ ಹಲಗೆ ತೆರವು ಮಾಡಲಾಯಿತು. ಬಾಗಿಲ ಮೇಲೆ ಪ್ರಕಟಣೆ ಅಂಟಿತು:

“ಈ ಖೋಲಿಯಲ್ಲಿ ಮಂಡಳಿಯ ನಮೂನೆಗಳು ವಾಸವಾಗಿರುತ್ತವೆ. ಬಾಗಿಲನ್ನು ಜೋರಾಗಿ ಹಾಕತಕ್ಕದ್ದಲ್ಲ. ಫ್ಯಾನಿನ ಗಾಳಿ ಮೊದಲು ನಮೂನೆಗಳಿಗೆ. ಕುಟುಂಬದ ಸದಸ್ಯರು ಅಗತ್ಯವಿದ್ದಲ್ಲಿ ಪ್ರವೇಶಿಸಬಹುದು.”

“ಮಮ್ಮೀ, ಬಸ್ ಕರ್ ನಾ,” ಎಂದಳು ನಿಶಾ, ಓದುವ ಪುಸ್ತಕ ಹಿಡಿದು ನಿಂತೇ. ಆಕೆ ಈಗ ಕಾಲೇಜಿನವಳು. ಕನ್ನಡ ಶಾಲೆ ಬಿಟ್ಟು ವರ್ಷಗಳಾಗಿ, ಕನ್ನಡ ಮಾತಾಡುವಾಗ ಊರಿನ ರಸ್ತೆಯಲ್ಲಿ ನಡೆದಂತೆ ತಡವರಿಸುತ್ತಿದ್ದಳು. “ನನಗೆ ಪಡಾಯಿ ಮಾಡಕ್ಕೆ ಜಾಗ... ಇಲ್ಲ. ಸಬ್ ಅಚಾರ್ ಹೈ.”

“ಅಚಾರ್, ಉಪ್ಪಿನಕಾಯಿ ಏನೂ ಅನಬ್ಯಾಡ. ನಮೂನಿ ಅನ್ನು.”

ಪ್ಯಾಸೇಜಿನಲ್ಲಿ ಹಾಸಿಗೆ ಹಾಸಿಕೊಂಡಿದ್ದ ಚಂದ್ರಾಮ ಅಲ್ಲಿಂದಲೇ ಹೇಳಿದ: “ನನಗೂ ಒಂದ ಮುಚ್ಚಳಾ ಹಾಕಿ ತಾರೀಖು ಹಚ್ಚು ಮಾರಾಯ್ತಿ. ಒಳಗರ ಇಟಗೊಂಡೀ.”

ಮನೆಯವರು ಊಟಕ್ಕೆ ಅಂಗಡಿಯ ಉಪ್ಪಿನಕಾಯಿ ತಿನ್ನುತ್ತಿದ್ದರು. ಅದಕ್ಕೆ ವಿನೆಗರ್ ವಾಸನೆ ಬರುತ್ತಿತ್ತು.

ಇಪ್ಪತ್ತೈದನೇ ಪಾಳಿಗೆ ಅರಗು ಹಾಕಿದ ವಾರವೇ ರಾಚವ್ವ ಬಂದರು. ಕಣ್ಣಿನ ಪೊರೆ ತೆಗೆಸಬೇಕಿತ್ತು. ಕಾಯಂ ಪತ್ರದ ತಪಾಸಣೆ ಮುಂದಿನ ಸೋಮವಾರವೆಂದು ನಿಗದಿಯಾಗಿತ್ತು. ಆಪರೇಷನ್ ಆಗಿ, ಪಟ್ಟಿ ಬಿಚ್ಚಿದ ಮೇಲೆ ರಾಚವ್ವ ಹೊಸ ಕಣ್ಣಿನಿಂದ ಮೊದಲು ನೋಡಿದ್ದು ನೂರೈವತ್ತು ಕೆಂಪು ಬಾಟಲಿಗಳನ್ನು.

“ಇವೆಲ್ಲಾ ನೀನ ಮಾಡಿದ್ದ?”

“ಹೌದ್ರಿ ಅತ್ತಿ.”

“ಬೂಷ್ಟ ಬಂದಿಲ್ಲ?”

“ಒಂದಕ್ಕೂ ಇಲ್ರಿ.”

ರಾಚವ್ವ ಒಂದು ಬಾಟಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ನಿಧಾನವಾಗಿ ತಿರುಗಿಸಿದರು. ಆಮೇಲೆ ಹೇಳಿದರು: “ಬಣ್ಣ ಬರೋಬ್ಬರಿ ಐತಿ. ನಾ ಅಂದದ್ದ ತಪ್ಪಿದ್ದೀತು ತಗೋ. ರೊಟ್ಟಿ ಮ್ಯಾಲೆ ಒಂದೀಟ ಹಾಕು, ನೋಡೂಣು.”

ಇಪ್ಪತ್ತೆರಡು ವರ್ಷ ಮಹಾದೇವಿ ಈ ಮಾತಿಗಾಗಿ ಕಾದಿದ್ದಳು. ಬಾಯಿ ತೆರೆದಳು. ಬಂದ ಮಾತು ಬೇರೆಯೇ ಆಗಿತ್ತು.

“ಅರ್ಜಿ ಕೊಡಬೇಕಾಗತೈತ್ರಿ ಅತ್ತಿ.”

“ಯಾರಿಗೆ?”

“ಮಂಡಳಿಗೆ.”

“ನನ್ನ ಸೊಸಿ ಮಾಡಿದ ಖಾರ ನಾ ತಿನ್ನಾಕ?”

“ಅದು ಖಾರ ಅಲ್ರಿ. ನಮೂನಿ.”

ರಾಚವ್ವ ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ಮಹಾದೇವಿಗೆ ಸುಲಭವಾಗುತ್ತಿತ್ತು. “ತಿನ್ನದ ಕೆಟ್ಟಿಲ್ಲಂತ ಹ್ಯಾಂಗ ತಿಳೀತು?” ಎಂದಷ್ಟೇ ಕೇಳಿದರು.

“ಮುಚ್ಚಳಾ ಒತ್ತಿ ನೋಡ್ರಿ. ಟಕ್ ಅನ್ನೂದಿಲ್ಲ.”

ರಾಚವ್ವ ಒತ್ತಿದರು. ಟಕ್ ಎನ್ನಲಿಲ್ಲ. “ಖರೇನ ನೋಡು,” ಎಂದರು. “ಛಲೋ ಮುಚ್ಚಳಾ.”

ಮಹಾದೇವಿ ಬಾಟಲಿ ಇಸಿದುಕೊಂಡಳು. ಹೆಬ್ಬೆರಳಿನ ಉಗುರು ಅರಗಿನ ಅಂಚಿಗೆ ಹೋಯಿತು. ಒಂದು ಚೂರು ಒತ್ತಿದ್ದರೆ ಆಗಿಹೋಗುತ್ತಿತ್ತು. ಎಣಿಕೆ ಒಂದರಿಂದ, ಇನ್ನೆರಡು ಚಳಿಗಾಲ, ಅಷ್ಟೇ. ತಟ್ಟೆಯಲ್ಲಿ ಜೋಳದ ರೊಟ್ಟಿ ಕಾಯುತ್ತಿತ್ತು. ಹಬೆಯಾಡುತ್ತಿದ್ದ ರೊಟ್ಟಿ ತಣ್ಣಗಾಗಿ ಕಟಿಕಟಿಯಾಗುವವರೆಗೆ ಆಕೆ ಹಾಗೇ ನಿಂತಿದ್ದಳು. ಕೊನೆಗೆ ಬಾಟಲಿಯನ್ನು ಸೆರಗಿನಿಂದ ಒರೆಸಿ ಅದರ ಜಾಗದಲ್ಲಿಟ್ಟು, ಅಂಗಡಿಯ ಉಪ್ಪಿನಕಾಯಿ ಬಡಿಸಿದಳು. ರಾಚವ್ವ ಅದನ್ನು ತಟ್ಟೆಯ ಅಂಚಿಗೆ ಸರಿಸಿ, ರೊಟ್ಟಿಯನ್ನು ನೀರಿನಲ್ಲಿ ಅದ್ದಿ ತಿಂದರು. ಶುಕ್ರವಾರದ ಗಾಡಿಗೆ ಊರಿಗೆ ಹೊರಟರು. “ಇನ್ನ ನಾ ಬರೂದಾಗೂದಿಲ್ಲವ್ವ,” ಎಂದರು ಗಾಡಿ ಹತ್ತುವಾಗ. ಅದನ್ನು ದೂರುತ್ತ ಹೇಳಲಿಲ್ಲ, ವಯಸ್ಸಾಗಿದೆ ಎಂದು ಹೇಳಿದ್ದು.

ಸೋಮವಾರ ಕಾಯಂ ಖಾತರಿ ಪತ್ರ ಬಂತು. ನೀಲಕಂಠಪ್ಪ ಕಾಲೊನಿಯ ಅಂಗಳದಲ್ಲಿ ನಿಂತು ಭಾಷಣ ಮಾಡಿದರು. ಮಹಾದೇವಿಯವರ ರಂಜಕ ತಿಂದು ಇಂದಿನವರೆಗೆ ಯಾರಿಗೂ ಹೊಟ್ಟೆನೋವು ಬಂದಿಲ್ಲ, ಯಾವ ಆಸ್ಪತ್ರೆಯಿಂದಲೂ ತಕರಾರು ಬಂದಿಲ್ಲ, ಇಂಥ ಸುರಕ್ಷಿತ ಆಹಾರ ಮಹಾನಗರದಲ್ಲಿ ಇನ್ನೊಂದಿಲ್ಲ ಎಂದರು. ಜನ ಚಪ್ಪಾಳೆ ತಟ್ಟಿದರು. ಪತ್ರವನ್ನು ಮಹಾದೇವಿಯೇ ಗಟ್ಟಿಯಾಗಿ ಓದಿದಳು. ಅದರ ಕೊನೆಯ ಸಾಲಿನಲ್ಲಿ, ಸದರಿ ಖಾತರಿಯು ಈ ನೂರೈವತ್ತು ಬಾಟಲಿಗಳಿಗೆ ಮಾತ್ರ ಅನ್ವಯಿಸತಕ್ಕದ್ದು, ಮತ್ತು ಅವುಗಳ ಮೊಹರು ಇರುವವರೆಗೆ ಮಾತ್ರ ಎಂದಿತ್ತು. ಆಕೆ ಕೆಳಗೆ ಬೆರಳಿಟ್ಟು ಆ ಸಾಲನ್ನೂ ತಪ್ಪಿಲ್ಲದೆ ಓದಿದಳು. ಮತ್ತೆ ಚಪ್ಪಾಳೆ ಬಿತ್ತು.

ಈಗ ಕಾಲೊನಿಯಲ್ಲಿ ಮಿಡಿ, ನಿಂಬೆ, ಹುಣಸೆ ತೊಕ್ಕು ಎಲ್ಲವೂ ನಿಯಮಾನುಸಾರವಾಗಿವೆ. ವಾರಿಜಾ ಮಾರಾಟ ನಿಲ್ಲಿಸಿ ಹದಿನಾಲ್ಕನೇ ಪಾಳಿಯಲ್ಲಿದ್ದಾಳೆ. “ಎಂತ ಮಾಡುದು, ನಾನು ಒಬ್ಬಳೇ ಅಸುರಕ್ಷಿತ ಆಗಿ ಉಳಿಯುದಾ?” ಎಂದು ಕೇಳುತ್ತಾಳೆ. ಟೀವಿ ಅವಳ ಖೋಲಿಯಿಂದಲೂ ಹೊರಬಿದ್ದಿದೆ. ಎಲ್ಲರ ಮನೆಯಲ್ಲೂ ಅಂಗಡಿಯ ಉಪ್ಪಿನಕಾಯಿಯೇ. ನೀಲಕಂಠಪ್ಪನವರ ಡಬ್ಬಿಯಲ್ಲೂ ಅದೇ.

ಮಹಾದೇವಿಯ ಬಳಿ ಇಂದು ಅರಗು ಒಡೆಯದ ನೂರೈವತ್ತು ಬಾಟಲಿ ರಂಜಕ, ಚೌಕಟ್ಟು ಹಾಕಿಸಿದ ಕಾಯಂ ಖಾತರಿ ಪತ್ರ ಒಂದು, ಆರು ಬಾಟಲಿ ಹಿಡಿಯುವ ಪಾತ್ರೆ ಒಂದು ಮತ್ತು ಮಲಗಲು ಪ್ಯಾಸೇಜಿನಲ್ಲಿ ಗಂಡನ ಪಕ್ಕದ ಜಾಗ ಇರುತ್ತವೆ. ಇವುಗಳಿಗೆ ತಗುಲಿದ ವೆಚ್ಚ: ಎರಡು ಚಳಿಗಾಲ, ಒಂದು ಮಂಚ, ಮತ್ತು ರಾಚವ್ವ ರೊಟ್ಟಿಯ ಮೇಲೆ ಕೇಳಿದ ಒಂದೀಟು.